ಗೆದ್ದವನು ಗೆರೆಯ ಹತ್ತಿರ ಕಾಯುತ್ತಿದ್ದಾನೆ

ಯೌವನಸ್ಥರ ಕೂಟದ ಸಂದೇಶ
ಓದಬೇಕಾದ ವಾಕ್ಯಭಾಗಗಳು: ಇಬ್ರಿಯರಿಗೆ 12:1-3, ಇಬ್ರಿಯರಿಗೆ 6:19-20, ಅಪೊಸ್ತಲರ ಕೃತ್ಯಗಳು 7:54-60

ಕೂತ್ಕೊಳ್ಳಿ. ಸತ್ಯವೇದ ತಂದವರು ಇಬ್ರಿಯರಿಗೆ ಬರೆದ ಪತ್ರ 12ನೇ ಅಧ್ಯಾಯ ತೆಗೆಯಿರಿ. ಫೋನಿನಲ್ಲಿ ಓದುವವರು ವಾಟ್ಸಾಪ್ ಮುಚ್ಚಿ ಆಮೇಲೆ ಓದಿ. ನಗಬೇಡಿ, ನನಗೂ ಅದೇ ಕಷ್ಟ ಇದೆ.

ಮೊದಲು ಒಂದು ತಪ್ಪೊಪ್ಪಿಗೆ. ಈ ಕೂಟಕ್ಕೆ ಬರುತ್ತಿದ್ದ ಒಬ್ಬ ತಮ್ಮ ಇದ್ದಾನೆ. ಅವನನ್ನು ಕೇಳಿಯೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ. ಇಂಜಿನಿಯರಿಂಗ್ ಓದುವಾಗ ಕೆಲವು ಸಬ್ಜೆಕ್ಟ್ ಉಳಿದುಹೋದವು. ಜೊತೆಗೆ ಓದಿದವರಿಗೆಲ್ಲ ಕೆಲಸ ಆಯ್ತು. ಇವನು ಮಾತ್ರ ಬ್ಯಾಕ್‌ಲಾಗ್ ಕಟ್ಟುತ್ತಾ ಉಳಿದ. ನಿಧಾನವಾಗಿ ಕೂಟಕ್ಕೆ ಬರೋದು ಬಿಟ್ಟ. ಪರೀಕ್ಷೆ ಇರಬಹುದು, ಬಿಜಿ ಇರಬಹುದು ಅಂತ ನಾನು ಸುಮ್ಮನಿದ್ದೆ. ನಾಲ್ಕು ತಿಂಗಳು ಒಂದು ಫೋನ್ ಕೂಡ ಮಾಡಲಿಲ್ಲ. ಒಂದು ದಿನ ಆಫೀಸಿಂದ ಬರುವಾಗ ಬಸ್ ಸ್ಟಾಪ್‌ನಲ್ಲಿ ಸಿಕ್ಕ. "ಯಾಕಪ್ಪಾ ಕಾಣ್ತಿಲ್ಲ?" ಅಂದೆ. ಅವನು ಹೇಳಿದ: "ಅಣ್ಣಾ, ನನ್ನ ಹತ್ರ ಹೇಳೋಕೆ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲದೋನು ಬಂದು ಏನು ಮಾಡ್ಲಿ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನು ಹೇಳಿದ್ದು ನಿಜ. ನಮ್ಮ ಸಾಕ್ಷಿ ಸಮಯ ಹೇಗಿರುತ್ತೆ? ಪ್ಲೇಸ್‌ಮೆಂಟ್ ಆದವರು, ವೀಸಾ ಬಂದವರು, ಮದುವೆ ಗೊತ್ತಾದವರು, ಸೈಟ್ ಕೊಂಡವರು. ದೇವರು ಅವೆಲ್ಲ ಕೊಡ್ತಾನೆ, ಸ್ತೋತ್ರ. ಆದರೆ ಮೈಕ್ ಯಾವಾಗಲೂ ಮುಟ್ಟಿದವರ ಕೈಯಲ್ಲೇ ಇರುತ್ತೆ, ಇನ್ನೂ ದಾರಿಯಲ್ಲಿ ಏದುಸಿರು ಬಿಡ್ತಿರೋನಿಗೆ ಸಿಗಲ್ಲ. ಹಿಂದೆ ಉಳಿದವನಿಗೆ ನಮ್ಮ ಹತ್ತಿರ ಏನಿದೆ? ಯೇಸುವಿನ ಹತ್ತಿರ ಏನಿದೆ? ಇದೇ ಇವತ್ತಿನ ಪಾಠ.

ಹಿಮ ಕಾಣದ ಊರಿಂದ ಹಿಮದ ಮೇಲೆ

ಕೀನ್ಯಾ ದೇಶ ಗೊತ್ತಲ್ವಾ? ಭೂಮಧ್ಯರೇಖೆ ಆ ದೇಶದ ಮೇಲೇ ಹಾದುಹೋಗುತ್ತೆ. ಅಲ್ಲಿ ಎಲ್ಡೊರೆಟ್ ಅಂತ ಊರು. ಲೋಕಕ್ಕೇ ಓಟಗಾರರನ್ನು ಕೊಟ್ಟ ಸೀಮೆ ಅದು. ಫಿಲಿಪ್ ಬೊಯಿಟ್ ಆ ಕಡೆಯವರು, ಮಧ್ಯಮ ದೂರದ ಓಟಗಾರ. ಅವರ ಸಂಬಂಧಿ ಮೈಕ್ ಬೊಯಿಟ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಟಕ್ಕೆ ಕಂಚು ಗೆದ್ದವರು. ಅಂದರೆ ಓಟ ಮನೆತನದಲ್ಲೇ ಇತ್ತು.

1996ರಲ್ಲಿ ನೈಕಿ ಕಂಪನಿ ಒಂದು ಪ್ರಯೋಗ ಮಾಡಿತು. ಕೀನ್ಯಾದ ಓಟಗಾರನನ್ನು ಹಿಮದ ಮೇಲೆ ನಿಲ್ಲಿಸಿದರೆ ಏನಾಗುತ್ತೆ? ಬೊಯಿಟ್ ಮತ್ತು ಅವರ ಜೊತೆಗಾರ ಹೆನ್ರಿ ಬಿಟೋಕ್ ಇಬ್ಬರನ್ನೂ ಫಿನ್‌ಲೆಂಡಿಗೆ ಕಳಿಸಿದರು. ಬೊಯಿಟ್ ಹಿಮವನ್ನು ಕಣ್ಣಾರೆ ಕಂಡದ್ದೇ ಆಗ. ಇದು ಬರೀ ಜಾಹೀರಾತಿನ ಆಟ ಅಂತ ಹೇಳಿದವರೂ ಇದ್ದರು. ಕಂಪನಿಯ ಉದ್ದೇಶ ಏನೇ ಇರಲಿ, ಚಳಿಯಲ್ಲಿ ಬಿದ್ದು ಎದ್ದ ಮೈ ಬೊಯಿಟ್ ಅವರದ್ದು.

ಕ್ರಾಸ್ ಕಂಟ್ರಿ ಸ್ಕೀಯಿಂಗ್ ನಾವು ಸಿನಿಮಾದಲ್ಲಿ ನೋಡುವ ಹಾಗೆ ಬೆಟ್ಟದಿಂದ ಜಾರಿ ಇಳಿಯೋದಲ್ಲ. ಕಾಲಿಗೆ ಉದ್ದನೆಯ ಸಪೂರ ಪಟ್ಟಿ, ಎರಡು ಕೈಯಲ್ಲೂ ಕೋಲು, ಕಿಲೋಮೀಟರ್‌ಗಟ್ಟಲೆ ಸಮ, ಏರು, ಇಳಿಜಾರು ಎಲ್ಲವನ್ನೂ ಸ್ವಂತ ಬಲದಲ್ಲೇ ದಾಟಬೇಕು. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಭಾರತದ ಪರವಾಗಿ ಸ್ಪರ್ಧಿಸುವುದು ಇದೇ ಆಟದಲ್ಲಿ.

ಓಟಗಾರನಿಗೆ ಇದು ಸುಲಭ ಅಂತ ಅನ್ನಿಸಬಹುದು. ಇಲ್ಲ. ಎದೆಯ ದಮ್ಮು ಉಪಯೋಗಕ್ಕೆ ಬರುತ್ತೆ, ಆದರೆ ಭುಜ, ಬೆನ್ನು, ತೋಳುಗಳ ಬಲವೂ ಬೇಕು. ಒಂದೇ ಕಾಲಿನ ಮೇಲೆ ತೂಕ ಹಾಕಿ ಜಾರುವ ಸಮತೋಲನ ಬೇಕು. ನಾರ್ವೆಯ ಮಕ್ಕಳು ನಡೆಯೋದು ಕಲಿತ ಸ್ವಲ್ಪ ದಿನದಲ್ಲೇ ಅದನ್ನು ಕಲಿಯುತ್ತಾರೆ. ಬೊಯಿಟ್ ಕಲಿಯಲು ಶುರು ಮಾಡಿದ್ದು ಇಪ್ಪತ್ತು ದಾಟಿದ ಮೇಲೆ. ಊರಿಗೆ ಬಂದಾಗ ಹಿಮ ಎಲ್ಲಿಂದ ತರೋದು? ಚಕ್ರ ಇರುವ ರೋಲರ್ ಸ್ಕೀ ಕಟ್ಟಿಕೊಂಡು ರಸ್ತೆ ಮೇಲೆ ಅಭ್ಯಾಸ ಮಾಡಿದರು.

1998ರ ಫೆಬ್ರವರಿ. ಜಪಾನಿನ ನಗಾನೊ ಚಳಿಗಾಲದ ಒಲಿಂಪಿಕ್ಸ್. 10 ಕಿಲೋಮೀಟರ್ ಕ್ಲಾಸಿಕಲ್ ಸ್ಪರ್ಧೆ. ಹಿಮಕ್ರೀಡೆಯ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಮೊದಲ ಸ್ಪರ್ಧಿ ಬೊಯಿಟ್. ಆ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡಲ್ಲ. ಅರ್ಧ ನಿಮಿಷಕ್ಕೊಬ್ಬರಂತೆ ಬಿಡ್ತಾರೆ, ಗಡಿಯಾರದ ವಿರುದ್ಧ ಒಬ್ಬೊಬ್ಬರೇ ಓಡಬೇಕು. ಆವತ್ತು ಹಿಮ ಒದ್ದೆಯಾಗಿತ್ತು. ಕ್ಲಾಸಿಕಲ್ ವಿಧಾನದಲ್ಲಿ ಪಾದದ ಕೆಳಗಿನ ಭಾಗಕ್ಕೆ ಹಿಡಿತ ಕೊಡುವ ವ್ಯಾಕ್ಸ್ ಹಚ್ಚಬೇಕು, ಹಿಮದ ಗುಣ ನೋಡಿ ಹಚ್ಚಬೇಕು. ಲೆಕ್ಕ ತಪ್ಪಿದರೆ ಹಿಮ ಸ್ಕೀಗೆ ಮೆತ್ತಿಕೊಳ್ಳುತ್ತೆ. ಬೊಯಿಟ್ ಅವರಿಗೆ ಅದೇ ಆಯ್ತು. ಮಳೆಗಾಲದಲ್ಲಿ ಕೆಸರುಗದ್ದೆ ದಾಟುವಾಗ ಚಪ್ಪಲಿ ಸೇರುಗಟ್ಟಲೆ ಭಾರ ಆಗುತ್ತಲ್ಲ, ಹಾಗೆ.

ಆ ದಿನ ಗೆದ್ದವರು ನಾರ್ವೆಯ ಬ್ಯೋರ್ನ್ ಡೇಲಿ. 27 ನಿಮಿಷ 24.5 ಸೆಕೆಂಡ್. ಅದು ಅವರ ಆರನೆಯ ಒಲಿಂಪಿಕ್ ಚಿನ್ನ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಲ್ಲಿಯವರೆಗೆ ಬೇರೆ ಯಾವ ಗಂಡಸೂ ಅಷ್ಟು ಚಿನ್ನ ಗೆದ್ದಿರಲಿಲ್ಲ. ಬೊಯಿಟ್ ಇನ್ನೂ ದಾರಿಯಲ್ಲಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಮುಟ್ಟಿದರು. ಬೊಯಿಟ್ ತೆಗೆದುಕೊಂಡದ್ದು 47 ನಿಮಿಷ 25.5 ಸೆಕೆಂಡ್. ಗೆದ್ದವರಿಗಿಂತ ಸರಿಯಾಗಿ ಇಪ್ಪತ್ತು ನಿಮಿಷ ಒಂದು ಸೆಕೆಂಡ್ ಹೆಚ್ಚು. ಮುಗಿಸಿದ 92 ಜನರಲ್ಲಿ 92ನೆಯವರು.

ಕೊನೆಯ ತಿರುವು ದಾಟಿ ಬರುವಾಗ ಜನ ಕೂಗಿ ಹುರಿದುಂಬಿಸುತ್ತಿದ್ದರು. ಗೆರೆಯ ಆಚೆ ಒಬ್ಬರು ನಿಂತಿದ್ದರು. ಬ್ಯೋರ್ನ್ ಡೇಲಿ. ಪದಕದ ಸಮಾರಂಭವನ್ನೂ ತಡಮಾಡಿಸಿ, ಆ ಚಳಿಯಲ್ಲಿ, ಕೊನೆಯವನಿಗಾಗಿ ಕಾದು ನಿಂತಿದ್ದರು. ಬೊಯಿಟ್ ಗೆರೆ ದಾಟುತ್ತಿದ್ದ ಹಾಗೆ ಮುಂದೆ ಬಂದು ತಬ್ಬಿಕೊಂಡರು.

ಇಬ್ಬರೂ ಸ್ನೇಹಿತರಾದರು. ಬೊಯಿಟ್ ತಮ್ಮ ಒಬ್ಬ ಮಗನಿಗೆ ಇಟ್ಟ ಹೆಸರೇನು ಗೊತ್ತಾ? ಡೇಲಿ. ಕೀನ್ಯಾದ ಮನೆಯಲ್ಲಿ ನಾರ್ವೆಯ ಹೆಸರು! ಗೆದ್ದದ್ದಕ್ಕೆ ಇಟ್ಟ ಹೆಸರಲ್ಲ, ಕಾದದ್ದಕ್ಕೆ ಇಟ್ಟ ಹೆಸರು.

ಇದು ಒಂದೇ ಸಲ ನಡೆದದ್ದಲ್ಲ. ಇಪ್ಪತ್ತು ವರ್ಷ ಆದ ಮೇಲೆ, 2018ರಲ್ಲಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ 15 ಕಿಲೋಮೀಟರ್ ಸ್ಪರ್ಧೆ. ಮೆಕ್ಸಿಕೋದ ಹೆರ್ಮಾನ್ ಮದ್ರಾಸೊ, ವಯಸ್ಸು 43, ತಮ್ಮ ದೇಶದ ಬಾವುಟ ಹಿಡಿದು ಎಲ್ಲರಿಗಿಂತ ಕೊನೆಯಲ್ಲಿ ಬಂದರು. ಅವರಿಗಿಂತ ಸ್ವಲ್ಪ ಮುಂಚೆ ಮುಗಿಸಿದ್ದ ಟೋಂಗಾ ದ್ವೀಪದ ಪೀಟಾ ತೌಫಟೋಫುವಾ ಮತ್ತೆ ಇನ್ನು ಕೆಲವರು ಅಲ್ಲೇ ಕಾದಿದ್ದು ಅವರನ್ನು ಹೆಗಲ ಮೇಲೆ ಎತ್ತಿಕೊಂಡರು. ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಡಾರಿಯೊ ಕೊಲೊನ್ಯಾ ಕೂಡ ಬಂದು ಕೈ ಕುಲುಕಿದರು.

ಈ ಆಟಗಾರರು ಏನನ್ನು ನಂಬ್ತಾರೆ ಅನ್ನೋದು ಇಲ್ಲಿ ವಿಷಯ ಅಲ್ಲ. ನೆರೆಯವನು ಯಾರು ಅಂತ ಕಲಿಸಲು ಯೇಸು ಒಬ್ಬ ಸಮಾರ್ಯದವನನ್ನು ಉದಾಹರಣೆ ಮಾಡಿದ. ನಾವೂ ಈ ಉದಾಹರಣೆ ಹಿಡಿದು ವಾಕ್ಯಕ್ಕೆ ಬರೋಣ.

1. ಓಟ ನಾವು ಆರಿಸಿದ್ದಲ್ಲ, ನಮ್ಮ ಮುಂದೆ ಇಟ್ಟದ್ದು

ಇಬ್ರಿಯ 12:1 ನೋಡಿ. ನಮ್ಮ ಮುಂದೆ ಇಡಲಾಗಿರುವ ಓಟದ ಬಗ್ಗೆ ಅಲ್ಲಿ ಹೇಳಿದೆ. ಮೂಲ ಗ್ರೀಕ್‌ನಲ್ಲಿ ಅದು "ಪ್ರೊಕೆಯ್ಮಾಯ್" ಅನ್ನೋ ಕ್ರಿಯಾಪದದ ರೂಪ, ಅಂದರೆ ಎದುರಿಗೆ ಇರಿಸಿರುವುದು. ಈಗ 2ನೇ ವಚನ ನೋಡಿ. ಯೇಸುವಿನ ಮುಂದೆ ಇಟ್ಟಿದ್ದ ಸಂತೋಷದ ಮಾತು ಬರುತ್ತೆ. ಅಲ್ಲೂ ಅದೇ ಕ್ರಿಯಾಪದ! ನಮ್ಮ ಮುಂದೆ ಓಟ ಇದೆ, ಆತನ ಮುಂದೆ ಸಂತೋಷ ಇತ್ತು. ಆ ಸಂತೋಷಕ್ಕಾಗಿ ಆತನು ಶಿಲುಬೆಯನ್ನು ಸಹಿಸಿದ. ನೀನೂ ನಾನೂ ತಂದೆಯ ಮನೆಗೆ ಮುಟ್ಟೋದು ಆ ಸಂತೋಷದಲ್ಲಿ ಸೇರಿದೆ ಅಂತ ನಾನು ನಂಬ್ತೀನಿ. ಈ ಪತ್ರದ 2:10ರಲ್ಲಿ ಅನೇಕ ಮಕ್ಕಳನ್ನು ಮಹಿಮೆಗೆ ಸೇರಿಸುವುದರ ಬಗ್ಗೆ ಬರೆದಿದೆ, ಮನೆಯಲ್ಲಿ ಓದಿ. ನೀನು ಕುಂಟುತ್ತಾ ಓಡುವ ಓಟ ಆತನಿಗೆ ಬೇಸರದ ಕೆಲಸ ಅಲ್ಲಪ್ಪಾ!

ನಮ್ಮ ಕಷ್ಟ ಎಲ್ಲಿ? ನಾವು ನಮ್ಮ ದಾರಿ ನೋಡಲ್ಲ, ಪಕ್ಕದವನ ದಾರಿ ನೋಡ್ತೀವಿ. ಲಿಂಕ್ಡ್‌ಇನ್ ತೆಗೆದರೆ ಒಬ್ಬ ಮ್ಯಾನೇಜರ್ ಆದ. ಇನ್‌ಸ್ಟಾಗ್ರಾಂ ತೆಗೆದರೆ ಇನ್ನೊಬ್ಬಳಿಗೆ ಮಗು ಆಯ್ತು. ಆ ಸ್ಪರ್ಧೆಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಸಮಯಕ್ಕೆ ಬಿಟ್ಟರು ಅಂದೆನಲ್ಲ? ಅಲ್ಲಿ ಪಕ್ಕದವನನ್ನು ನೋಡಿದರೆ ನೀನು ಮುಂದಿದ್ದೀಯೋ ಹಿಂದಿದ್ದೀಯೋ ಗೊತ್ತೇ ಆಗಲ್ಲ, ಯಾಕಂದ್ರೆ ಅವನು ಹೊರಟ ಹೊತ್ತೇ ಬೇರೆ. ಒಬ್ಬ ಮೂರು ತಲೆಮಾರಿನ ವಿಶ್ವಾಸಿ ಮನೆಯಲ್ಲಿ ಹುಟ್ಟಿದ. ಇನ್ನೊಬ್ಬಳು ಹೋದ ವರ್ಷ ದೀಕ್ಷಾಸ್ನಾನ ತೆಗೊಂಡಳು, ಮನೆಯಲ್ಲಿ ಇನ್ನೂ ಅಮ್ಮ ಮಾತಾಡಲ್ಲ. ಇವರಿಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ಅಳತೆ ಮಾಡೋಕೆ ನಮಗೆ ಅಧಿಕಾರ ಕೊಟ್ಟವರು ಯಾರು?

2. ಮುಂದೆ ಓಡಿದವನು ನಮಗೋಸ್ಕರ ಓಡಿದ

ಈಗ 6:20ಕ್ಕೆ ಹೋಗಿ. ಯೇಸುವಿಗೆ ಅಲ್ಲಿ ಒಂದು ಅಪರೂಪದ ಹೆಸರಿದೆ, "ಪ್ರೊದ್ರೊಮೊಸ್". ಮುಂದಾಗಿ ಓಡುವವನು ಅಂತ ಅರ್ಥ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರೋದು ಈ ಒಂದೇ ಕಡೆ. ಆತನು ತೆರೆಯ ಒಳಗೆ ಮುಂದಾಗಿ ಹೋದದ್ದು ನಮಗೋಸ್ಕರ. ಲೋಕದಲ್ಲಿ ಮುಂದೆ ಓಡುವವನು ನಮ್ಮನ್ನು ಹಿಂದೆ ಹಾಕಲು ಓಡ್ತಾನೆ. ಯೇಸು ನಮಗೆ ಬಾಗಿಲು ತೆಗೆದಿಡಲು ಓಡಿದ. ಆಮೆನ್ ಅನ್ನಿ!

ಮುಗಿಸಿದ ಮೇಲೆ ಆತನು ಏನು ಮಾಡಿದ? ಇದೇ ಪತ್ರದಲ್ಲಿ ನೋಡಿ: 1:3, 8:1, 10:12, 12:2. ಎಲ್ಲ ಕಡೆ ದೇವರ ಬಲಗಡೆಯಲ್ಲಿ ಕುಳಿತುಕೊಂಡ ಅಂತಿದೆ. ಕುಳಿತ ಅಂದರೆ ರಕ್ಷಣೆಯ ಕೆಲಸ ಪೂರ್ತಿ ಆಯ್ತು, ಬಾಕಿ ಏನೂ ಇಲ್ಲ. ಆದರೆ ಅಪೊಸ್ತಲರ ಕೃತ್ಯಗಳು 7:55-56ರಲ್ಲಿ ಸ್ತೆಫನ ಕಂಡದ್ದೇನು? ಯೇಸು ನಿಂತಿದ್ದಾನೆ!

ಯಾಕೆ ನಿಂತ ಅನ್ನೋದಕ್ಕೆ ಪಂಡಿತರು ಬೇರೆ ಬೇರೆ ಕಾರಣ ಕೊಡ್ತಾರೆ. ತನ್ನವನ ಪರವಾಗಿ ಸಾಕ್ಷಿ ಹೇಳಲು ನಿಂತ ಅಂತ ಕೆಲವರು, ಬರಮಾಡಿಕೊಳ್ಳಲು ನಿಂತ ಅಂತ ಕೆಲವರು. ಎರಡೂ ನನಗೆ ಸಿಹಿ. ಸ್ತೆಫನನ ಓಟವನ್ನು ಲೋಕದ ಕಣ್ಣಿಂದ ನೋಡಿ. ಚಿಕ್ಕ ಸೇವೆ. ಅಧ್ಯಾಯ ಆರರಲ್ಲಿ ಶುರು, ಏಳರಲ್ಲಿ ಮುಗೀತು. ಕೊನೆಗೆ ಸಿಕ್ಕಿದ್ದು ಕಲ್ಲೇಟು. ಇವತ್ತಿನ ನಮ್ಮ ಸಾಕ್ಷಿ ಸಮಯದಲ್ಲಿ ಸ್ತೆಫನನಿಗೆ ಮೈಕ್ ಸಿಗ್ತಿತ್ತಾ? ಆದರೆ ಅವನಿಗಾಗಿ ಗೆದ್ದವನು ಎದ್ದು ನಿಂತ. ಹಲ್ಲೆಲೂಯಾ!

3. ಕಾಯುವವನು ಒಬ್ಬನು, ಜೊತೆಗೆ ಓಡುವವನು ಇನ್ನೊಬ್ಬನು

ಉದಾಹರಣೆ ಇಲ್ಲಿಗೆ ಸಾಲದಾಗುತ್ತೆ. ಡೇಲಿ ಗೆರೆಯ ಹತ್ತಿರ ಕಾಯಬಹುದಿತ್ತು, ಅಷ್ಟೇ. ಬೊಯಿಟ್ ಅವರ ಸ್ಕೀಗೆ ಹಿಮ ಮೆತ್ತಿಕೊಂಡಾಗ, ಆ ಏರಿನಲ್ಲಿ ಎದೆ ಒಡೆದುಹೋಗುವಂತೆ ಆದಾಗ, ಅವರು ಒಬ್ಬರೇ ಇದ್ದರು. ನೀನು ಹಾಗಲ್ಲ.

ಯೋಹಾನ 14ರಲ್ಲಿ ಯೇಸು ಪವಿತ್ರಾತ್ಮನಿಗೆ ಕೊಟ್ಟ ಹೆಸರು "ಪರಾಕ್ಲೇತೋಸ್". ಪಕ್ಕಕ್ಕೆ ಕರೆಯಲ್ಪಟ್ಟವನು, ಬೆಂಬಲಕ್ಕೆ ಬಂದು ನಿಲ್ಲುವವನು. ನಾವು ಪೆಂತೆಕೊಸ್ತಿನವರು ಆತ್ಮನ ಬಗ್ಗೆ ಬಹಳ ಮಾತಾಡ್ತೀವಿ. ಅನ್ಯಭಾಷೆ, ಪ್ರವಾದನೆ, ಸ್ವಸ್ಥತೆ, ಎಲ್ಲ ಸತ್ಯ. ಆದರೆ ಎಂಟನೇ ಕಿಲೋಮೀಟರಿನಲ್ಲಿ ಬಿಟ್ಟುಹೋಗೋಣ ಅನ್ನಿಸಿದಾಗ ಇನ್ನೊಂದು ಹೆಜ್ಜೆ ಇಡುವ ಬಲವೂ ಅದೇ ಆತ್ಮನದ್ದು. ಸ್ತೆಫನ ಯೇಸುವನ್ನು ಕಂಡದ್ದು ಹೇಗೆ? 7:55ರ ಮೊದಲ ಭಾಗ ನೋಡಿ, ಅವನು ಪವಿತ್ರಾತ್ಮಭರಿತನಾಗಿದ್ದ. ಮೇಲೆ ನಿಂತಿರುವವನನ್ನು ಕೆಳಗೆ ಜೊತೆಗಿರುವವನು ತೋರಿಸಿದ.

12:1ರ "ತಾಳ್ಮೆ" ಅನ್ನೋ ಮಾತಿಗೆ ಗ್ರೀಕ್‌ನಲ್ಲಿ "ಹುಪೊಮೊನೇ". ಹುಪೊ ಅಂದರೆ ಕೆಳಗೆ, ಮೊನೇ ಅಂದರೆ ಉಳಿಯೋದು. ಭಾರದ ಕೆಳಗೇ ಓಡಿಹೋಗದೆ ಉಳಿಯೋದು. ಆದರೆ ಅದೇ ವಚನ ತೆಗೆದು ಬಿಸಾಡಬೇಕಾದ ಭಾರದ ಬಗ್ಗೆಯೂ ಹೇಳುತ್ತೆ. ಮೆತ್ತಿಕೊಂಡ ಹಿಮವನ್ನು ಕೊಡವಿಕೊಳ್ಳದೆ ಎಳೆದುಕೊಂಡು ಹೋಗೋದು ತಾಳ್ಮೆ ಅಲ್ಲ. ಗುಟ್ಟಾಗಿ ಇಟ್ಟುಕೊಂಡ ಪಾಪ ಇದ್ದರೆ ಇವತ್ತೇ ಬಿಡು. ಹೋಲಿಕೆಯೂ ಒಂದು ಭಾರ, ಅದನ್ನೂ ಬಿಡು.

ಹಾಗಾದ್ರೆ ಕೊನೆಗೆ ಬಂದರೂ ಪರವಾಗಿಲ್ವಾ?

ಯಾರೋ ಕೇಳ್ತೀರಿ: "ಬ್ರದರ್, ಹಾಗಾದ್ರೆ ಸೋಮಾರಿಯಾಗಿದ್ರೂ ನಡೆಯುತ್ತಾ?" ಇಲ್ಲ. ಬೊಯಿಟ್ ಅವರ ಮುಂದಿನ ಕಥೆ ಕೇಳಿ. ನಗಾನೊ ಆದ ಮೇಲೆ ಕಂಪನಿಯ ಬೆಂಬಲ ನಿಂತಿತು, ಕ್ಯಾಮೆರಾಗಳು ಹೋದವು. ಅವರು ಬಿಡಲಿಲ್ಲ. 2002ರಲ್ಲಿ ಸಾಲ್ಟ್ ಲೇಕ್ ಸಿಟಿ, 2006ರಲ್ಲಿ ಟ್ಯೂರಿನ್, ಎರಡೂ ಒಲಿಂಪಿಕ್ಸ್‌ಗೆ ಮತ್ತೆ ಹೋದರು. ಟ್ಯೂರಿನ್‌ನ 15 ಕಿಲೋಮೀಟರ್ ಸ್ಪರ್ಧೆಯಲ್ಲಿ ಅವರ ಹಿಂದೆಯೂ ಕೆಲವರಿದ್ದರು. ಆ ಅಪ್ಪುಗೆ ಅವರನ್ನು ಸೋಮಾರಿ ಮಾಡಲಿಲ್ಲ, ಮತ್ತೆ ಹಿಮಕ್ಕೆ ಕರೆತಂತು. ಕೃಪೆ ಕೆಲಸ ಮಾಡೋದು ಹಾಗೆ. ಒಪ್ಪಿಕೊಳ್ಳಲಿ ಅಂತ ಓಡುವವನು ಒಂದು ದಿನ ಸುಸ್ತಾಗ್ತಾನೆ. ಒಪ್ಪಿಕೊಂಡಿದ್ದಾರೆ ಅಂತ ಗೊತ್ತಿದ್ದು ಓಡುವವನು ಮತ್ತೆ ಏಳ್ತಾನೆ.

ಪೌಲನೂ 2 ತಿಮೊಥೆ 4:7ರಲ್ಲಿ ಓಟದ ಬಗ್ಗೆ ಹೇಳಿಕೊಳ್ಳುವಾಗ ಎಲ್ಲರಿಗಿಂತ ಮೊದಲು ಬಂದೆ ಅನ್ನಲ್ಲ. ಮುಗಿಸಿದ್ದರ ಬಗ್ಗೆ ಹೇಳ್ತಾನೆ.

ನಾವು ಮಾಡಬೇಕಾದದ್ದು

ಇದು ನನ್ನಿಂದಲೇ ಶುರುವಾಗಬೇಕು. ಸಭೆ ಅಂದರೆ ಗೆರೆಯ ಹತ್ತಿರ ಕಾಯುವವರ ಗುಂಪು. ಮುಟ್ಟಿದ ತಕ್ಷಣ ಪದಕ ಹಾಕಿಕೊಂಡು ಮನೆಗೆ ಹೋಗುವವರ ಗುಂಪಲ್ಲ. ಆ ತಮ್ಮನಿಗೆ ನಾನು ನಾಲ್ಕು ತಿಂಗಳು ಕಾಯಲಿಲ್ಲ. ಅವನು ಬರುವ ದಾರಿಯನ್ನೇ ನೋಡಲಿಲ್ಲ. ಅವನ ಹತ್ತಿರ ಕ್ಷಮೆ ಕೇಳಿದೆ, ನಿಮ್ಮ ಮುಂದೆಯೂ ಕೇಳ್ತಿದ್ದೀನಿ. ಈಗ ಅವನು ಮತ್ತೆ ಬರ್ತಿದ್ದಾನೆ, ಹಿಂದಿನ ಸಾಲಿನಲ್ಲಿ ಕೂರ್ತಾನೆ. ರಿಸಲ್ಟ್ ಇನ್ನೂ ಬಂದಿಲ್ಲ. ಬಂದ ಮೇಲೆ ಸಾಕ್ಷಿ ಹೇಳು ಅಂತ ನಾನು ಅವನಿಗೆ ಹೇಳಿಲ್ಲ. ಇನ್ನೂ ಓಡ್ತಿದ್ದೀನಿ ಅನ್ನೋದೇ ಅವನ ಸಾಕ್ಷಿ.

ಮುಂದಿನ ವಾರದಿಂದ ಸಾಕ್ಷಿ ಸಮಯದಲ್ಲಿ ಮೊದಲು ಮೈಕ್ ಸಿಗೋದು ಉತ್ತರ ಇನ್ನೂ ಬರದವರಿಗೆ. ಎರಡೇ ವಾಕ್ಯ ಸಾಕು: ನಾನು ಎಲ್ಲಿದ್ದೀನಿ, ದೇವರು ನನ್ನನ್ನು ಹೇಗೆ ಹಿಡಿದಿದ್ದಾನೆ. ಆಮೇಲೆ ಗೆದ್ದವರು ಹೇಳಿ, ಚಪ್ಪಾಳೆ ತಟ್ಟೋಣ.

ಇನ್ನೊಂದು ಮಾತು. ಇವತ್ತು ಮನೆಗೆ ಹೋಗುವ ಮುಂಚೆ ಕೂಟಕ್ಕೆ ಬರೋದು ಬಿಟ್ಟ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಫೋನ್ ಮಾಡಿ. "ಯಾಕೆ ಬರ್ತಿಲ್ಲ?" ಅಂತ ಕೇಳಬೇಡಿ, ಅದು ವಿಚಾರಣೆ ಆಗುತ್ತೆ. "ಊಟ ಆಯ್ತಾ? ನಾಳೆ ಸಿಗೋಣ್ವಾ?" ಅಂತ ಕೇಳಿ.

ಪ್ರಾರ್ಥನೆ

ತಲೆ ಬಾಗಿಸೋಣ. ಕರ್ತನಾದ ಯೇಸುವೇ, ನೀನು ಮುಂದೆ ಓಡಿ ನಮಗಾಗಿ ದಾರಿ ತೆರೆದದ್ದಕ್ಕೆ ಸ್ತೋತ್ರ. ಇಲ್ಲಿ ಕೂತಿರುವವರಲ್ಲಿ ಯಾರು ನಾನು ತಡವಾದೆ, ನನ್ನ ಕಥೆ ಮುಗೀತು ಅಂದುಕೊಂಡಿದ್ದಾರೋ ಅವರ ಕಣ್ಣು ತೆರೆ. ನೀನು ನಿಂತಿರೋದನ್ನು ಅವರು ಕಾಣಲಿ. ಪವಿತ್ರಾತ್ಮನೇ, ಅವರ ಪಕ್ಕದಲ್ಲಿ ಓಡು, ಕಾಲಿಗೆ ಮೆತ್ತಿದ್ದನ್ನು ತೆಗೆದುಹಾಕು. ಹಿಂದೆ ಉಳಿದವರನ್ನು ಮರೆತ ನಮ್ಮನ್ನು ಕ್ಷಮಿಸು, ಕಾಯುವ ಹೃದಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಸೆಲ್ ಗ್ರೂಪ್‌ನಲ್ಲಿ ಮಾತಾಡಲು

1. ನೀವು ಹೆಚ್ಚಾಗಿ ಯಾರ ಜೊತೆ ನಿಮ್ಮನ್ನು ಹೋಲಿಸಿಕೊಳ್ತೀರಿ? ಅವರು ಓಟ ಶುರು ಮಾಡಿದ ಜಾಗ ನಿಮಗೆ ನಿಜವಾಗಿ ಗೊತ್ತಿದೆಯಾ?
2. ಇಬ್ರಿಯ 12:1ರ ಭಾರ ಮತ್ತು ಪಾಪ, ಇವೆರಡಕ್ಕೂ ವ್ಯತ್ಯಾಸ ಏನು? ಪಾಪ ಅಲ್ಲದಿದ್ದರೂ ನಿಮ್ಮನ್ನು ನಿಧಾನ ಮಾಡ್ತಿರೋದು ಯಾವುದು?
3. ನಿಮಗಾಗಿ ಗೆರೆಯ ಹತ್ತಿರ ಕಾದವರು ಯಾರು? ಈ ವಾರ ನೀವು ಯಾರಿಗಾಗಿ ಕಾಯ್ತೀರಿ?